ಮೆದುಳಿನ ಚಿತ್ರವೂ ಉಸಿರಿನ ಗದ್ದಲವೂ

(ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಈ ಗೋಷ್ಠಿಗೆ ಕರೆಯಲು ಬಂದವರು, "ಮೆದುಳಿನ ಬಗ್ಗೆ ಏನಾದರೂ ಹೇಳಿ, ಆದರೆ ನಮ್ಮ ಮಕ್ಕಳಿಗೆ ಅರ್ಥವಾಗುವ ಹಾಗಿರಲಿ" ಎಂದಿದ್ದರು. ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಭೌತಶಾಸ್ತ್ರ ಓದಿದವನು. ಎಂ.ಆರ್.ಐ. ಯಂತ್ರದಿಂದ ಬರುವ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಅದರಲ್ಲಿ ಯಾವುದು ಕಾಳು, ಯಾವುದು ಹೊಟ್ಟು ಎಂದು ಆರಿಸುವುದು ನನ್ನ ಕೆಲಸ. ಆದ್ದರಿಂದ ಮೆದುಳಿನ ಅದ್ಭುತಗಳ ಬಗ್ಗೆ ಮಾತನಾಡುವುದಕ್ಕಿಂತ ಈ ಹೊಟ್ಟಿನ ಬಗ್ಗೆಯೇ ಮಾತನಾಡುವುದು ನನಗೆ ಸುಲಭ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಪತ್ರಿಕೆಗಳಲ್ಲಿ ನೀವು ಬೂದುಬಣ್ಣದ ಮೆದುಳಿನ ಮೇಲೆ ಕೆಂಪು, ಹಳದಿ ಚುಕ್ಕೆಗಳಿರುವ ಚಿತ್ರ ನೋಡಿರುತ್ತೀರಿ. ಕೆಳಗೆ, "ಸುಳ್ಳು ಹೇಳುವಾಗ ಮೆದುಳಿನ ಈ ಭಾಗ ಬೆಳಗುತ್ತದೆ", "ಗಣಿತದಲ್ಲಿ ಹಿಂದುಳಿದ ಮಗುವಿನ ಮೆದುಳು ಹೀಗಿರುತ್ತದೆ" ಎಂದು ಬರೆದಿರುತ್ತಾರೆ. ಆ ಚುಕ್ಕೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕೆಲವೊಮ್ಮೆ ಅದು ಯೋಚನೆಯಿಂದ ಬಂದಿರುತ್ತದೆ. ಕೆಲವೊಮ್ಮೆ ಆ ಮನುಷ್ಯ ಒಂದು ನಿಟ್ಟುಸಿರು ಬಿಟ್ಟಿದ್ದರಿಂದ ಬಂದಿರುತ್ತದೆ.

ಮೊದಲು ಯಂತ್ರದ ಬಗ್ಗೆ ಎರಡು ಮಾತು. ಎಂ.ಆರ್.ಐ. ಎಂದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡದಾದ ಒಂದು ಅಯಸ್ಕಾಂತ. ಅದರ ಬಲ ಭೂಮಿಯ ಕಾಂತಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಆದ್ದರಿಂದಲೇ ಒಳಗೆ ಬಿಡುವ ಮೊದಲು ಗಡಿಯಾರ, ಬಳೆ, ಕಿವಿಯೋಲೆ, ತಲೆವಸ್ತ್ರಕ್ಕೆ ಚುಚ್ಚಿದ ಪಿನ್ನು ಎಲ್ಲವನ್ನೂ ತೆಗೆಸುತ್ತಾರೆ. ಸಾಮಾನ್ಯ ಎಂ.ಆರ್.ಐ. ಮೆದುಳಿನ ಆಕಾರವನ್ನು ತೋರಿಸುತ್ತದೆ. ನಾನು ಹೇಳುತ್ತಿರುವುದು ಎಫ್.ಎಂ.ಆರ್.ಐ., ಅಂದರೆ ಮೆದುಳು ಕೆಲಸ ಮಾಡುತ್ತಿರುವಾಗ ತೆಗೆಯುವ ಚಿತ್ರಮಾಲೆ. ಸುಮಾರು ಎರಡು ಸೆಕೆಂಡಿಗೆ ಒಮ್ಮೆ ಇಡೀ ಮೆದುಳಿನ ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಹತ್ತು ನಿಮಿಷಕ್ಕೆ 300 ಚಿತ್ರಗಳಾದವು. ಪ್ರತಿ ಚಿತ್ರವನ್ನೂ ಸುಮಾರು ಮೂರು ಮಿಲಿಮೀಟರಿನ ಸಣ್ಣ ಸಣ್ಣ ಘನಗಳಾಗಿ ವಿಂಗಡಿಸಿ, ಒಂದೊಂದು ಘನದ ಹೊಳಪು ಸಮಯಕ್ಕೆ ತಕ್ಕಂತೆ ಹೇಗೆ ಏರಿಳಿಯಿತು ಎಂದು ನೋಡುತ್ತಾರೆ.

ಈ ಹೊಳಪು ಏರುವುದು ಯಾಕೆ? ಇಲ್ಲಿ ಒಂದು ಹಳೆಯ ಸಂಶೋಧನೆ ನೆರವಿಗೆ ಬಂತು. ನಮ್ಮ ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್, ಆಮ್ಲಜನಕವನ್ನು ಹೊತ್ತಿರುವಾಗ ಒಂದು ರೀತಿಯ, ಅದನ್ನು ಇಳಿಸಿದ ಮೇಲೆ ಇನ್ನೊಂದು ರೀತಿಯ ಕಾಂತಗುಣ ತೋರಿಸುತ್ತದೆ ಎಂದು 1936ರಲ್ಲಿಯೇ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ತೋರಿಸಿದ್ದರು. 1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಸೈಜಿ ಒಗಾವ ಎಂಬ ಜಪಾನಿ ವಿಜ್ಞಾನಿ ಈ ವ್ಯತ್ಯಾಸವನ್ನು ಎಂ.ಆರ್.ಐ. ಯಂತ್ರದಲ್ಲಿ ಕಾಣಬಹುದೆಂದು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. 1992ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ಮನುಷ್ಯರ ಮೆದುಳಿನಲ್ಲಿ ಇದನ್ನು ಕಂಡವು. ಮೆದುಳಿನ ಒಂದು ಭಾಗ ಕೆಲಸಕ್ಕಿಳಿದರೆ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಎಷ್ಟು ಹೆಚ್ಚೆಂದರೆ ಅಲ್ಲಿ ಖರ್ಚಾಗುವುದಕ್ಕಿಂತ ಹೆಚ್ಚಿನ ಆಮ್ಲಜನಕ ಬಂದು ಬೀಳುತ್ತದೆ. ಹೊಳಪು ಸ್ವಲ್ಪ ಏರುತ್ತದೆ. ಅದೂ ತಕ್ಷಣವಲ್ಲ, ಐದಾರು ಸೆಕೆಂಡು ತಡವಾಗಿ.

ಹಾಗಾದರೆ ಯಂತ್ರ ನೋಡುತ್ತಿರುವುದು ಯೋಚನೆಯನ್ನಲ್ಲ, ರಕ್ತವನ್ನು. ಇದೊಂದು ಮಾತು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ರಕ್ತವನ್ನು ದೂಡುವುದು ಹೃದಯ. ರಕ್ತದಲ್ಲಿನ ಅನಿಲಗಳನ್ನು ಸರಿಪಡಿಸುವುದು ಶ್ವಾಸಕೋಶ. ಈ ಎರಡೂ ಒಂದು ಕ್ಷಣ ಸುಮ್ಮನಿರುವುದಿಲ್ಲ.

ಗದ್ದಲ ಎಷ್ಟು ದೊಡ್ಡದು ಎಂದು ಕೇಳಬಹುದು. ನೀವು ಬೆರಳಾಡಿಸಿದಾಗ ಅಥವಾ ಒಂದು ಪದ ಓದಿದಾಗ ಮೆದುಳಿನಲ್ಲಿ ಆ ಹೊಳಪು ಏರುವುದು ಸಾಮಾನ್ಯವಾಗಿ ಶೇಕಡಾ ಒಂದೆರಡು ಮಾತ್ರ, ಅನೇಕ ಪ್ರಯೋಗಗಳಲ್ಲಿ ಅದಕ್ಕಿಂತಲೂ ಕಡಿಮೆ. ಉಸಿರು ಮತ್ತು ನಾಡಿಯಿಂದಾಗುವ ಏರಿಳಿತವೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ದೊಡ್ಡ ರಕ್ತನಾಳಗಳ ಬಳಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಮದುವೆ ಮಂಟಪದಲ್ಲಿ ಜನರೇಟರ್ ಪಕ್ಕ ಕುಳಿತು ಹಿರಿಯರೊಬ್ಬರ ಪಿಸುಮಾತು ಕೇಳಿಸಿಕೊಳ್ಳುವ ಹಾಗೆ ನಮ್ಮ ಪರಿಸ್ಥಿತಿ.

ಇದು ಇಂದಿನ ತೊಂದರೆಯಲ್ಲ. 1880ರ ಸುಮಾರಿಗೆ ಇಟಲಿಯ ತುರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಎಂಬ ವೈದ್ಯ ವಿಜ್ಞಾನಿ ಇದ್ದರು. ತಲೆಬುರುಡೆಗೆ ಪೆಟ್ಟು ಬಿದ್ದು ಮೂಳೆಯಲ್ಲಿ ತೂತು ಉಳಿದಿದ್ದ ಕೆಲವರ ಮೆದುಳು ಮಿಡಿಯುವುದನ್ನು ಅವರು ಒಂದು ಸಾಧನದಿಂದ ದಾಖಲಿಸಿದರು. ಅವರಲ್ಲಿ ಬೆರ್ತಿನೊ ಎಂಬ ಒಬ್ಬ ರೈತನಿದ್ದ. ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿದಾಗ ಮೊಸ್ಸೊ ಅವನನ್ನು, ಈ ಹೊತ್ತಿಗೆ ನೀನು ಪ್ರಾರ್ಥನೆ ಮಾಡಬೇಕಿತ್ತಲ್ಲವೇ ಎಂದು ಕೇಳಿದರಂತೆ. ಅವನ ಮೆದುಳಿನ ಮಿಡಿತ ಆ ಕ್ಷಣ ಹೆಚ್ಚಿತು. ಮನಸ್ಸಿಗೂ ಮೆದುಳಿನ ರಕ್ತಕ್ಕೂ ಇರುವ ನಂಟನ್ನು ಕಣ್ಣಾರೆ ಕಂಡ ಮೊದಲಿಗರಲ್ಲಿ ಮೊಸ್ಸೊ ಒಬ್ಬರು. ಆದರೆ ಅವರ ಕಾಗದದ ಮೇಲೆ ಮೂಡಿದ ಗೆರೆಯಲ್ಲಿ ಯೋಚನೆಯ ಅಲೆ ಒಂದೇ ಇರಲಿಲ್ಲ. ಪ್ರತಿ ಎದೆಬಡಿತಕ್ಕೂ ಒಂದು ಸಣ್ಣ ಅಲೆ, ಪ್ರತಿ ಉಸಿರಿಗೂ ಒಂದು ದೊಡ್ಡ ಅಲೆ ಇತ್ತು. ಮುಂದೆ ಅವರು ಮನುಷ್ಯನನ್ನು ತಕ್ಕಡಿಯಂಥ ಹಲಗೆಯ ಮೇಲೆ ಮಲಗಿಸಿ, ಯೋಚಿಸಿದಾಗ ತಲೆಯ ಕಡೆ ವಾಲುತ್ತದೆಯೇ ಎಂದು ನೋಡಿದರು. ಅಲ್ಲಿಯೂ ಅದೇ ಕಾಟ, ಉಸಿರಾಡಿದಂತೆಲ್ಲ ಹಲಗೆ ತೂಗುತ್ತಿತ್ತು. ನೂರ ಮೂವತ್ತು, ನೂರ ನಲವತ್ತು ವರ್ಷಗಳ ನಂತರವೂ ಕೋಟಿಗಟ್ಟಲೆ ಬೆಲೆಯ ಯಂತ್ರದ ಮುಂದೆ ಕುಳಿತ ನಾವು ಅದೇ ಕಾಟವನ್ನು ಅನುಭವಿಸುತ್ತಿದ್ದೇವೆ.

ವಿದ್ಯಾರ್ಥಿಗಳೇ, ಈಗ ನಿಮಗಾಗಿ ಒಂದು ಸಣ್ಣ ಲೆಕ್ಕ. ಹೃದಯ ನಿಮಿಷಕ್ಕೆ ಅರವತ್ತು ಎಪ್ಪತ್ತು ಸಲ ಬಡಿಯುತ್ತದೆ. ನಾವು ಹುಡುಕುವ ಯೋಚನೆಯ ಅಲೆ ಅರ್ಧ ನಿಮಿಷಕ್ಕೊಂದು, ಒಂದು ನಿಮಿಷಕ್ಕೊಂದು ಬರುವಂಥದ್ದು. ಅಷ್ಟು ವೇಗದ ಬಡಿತ ಇಷ್ಟು ನಿಧಾನದ ಅಲೆಯೊಂದಿಗೆ ಬೆರೆಯುವುದು ಹೇಗೆ ಎಂಬ ಪ್ರಶ್ನೆ ಸಹಜ. ಸಿನಿಮಾದಲ್ಲಿ ಓಡುವ ಕಾರಿನ ಚಕ್ರ ಒಮ್ಮೊಮ್ಮೆ ನಿಂತಂತೆ, ಒಮ್ಮೊಮ್ಮೆ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೀವು ನೋಡಿದ್ದೀರಿ. ಚಕ್ರ ವೇಗವಾಗಿಯೇ ತಿರುಗುತ್ತಿದೆ, ಆದರೆ ಕ್ಯಾಮೆರಾ ಆಗೊಮ್ಮೆ ಈಗೊಮ್ಮೆ ಕಣ್ಣು ತೆರೆಯುವುದರಿಂದ ಮೋಸ ಹೋಗುತ್ತದೆ. ನಮ್ಮ ಯಂತ್ರವೂ ಎರಡು ಸೆಕೆಂಡಿಗೊಮ್ಮೆ ಮಾತ್ರ ಕಣ್ಣು ತೆರೆಯುತ್ತದೆ.

ಒಬ್ಬನ ನಾಡಿ ನಿಮಿಷಕ್ಕೆ ಸರಿಯಾಗಿ 60 ಎಂದುಕೊಳ್ಳಿ. ಎರಡು ಸೆಕೆಂಡಿಗೆ ಸರಿಯಾಗಿ ಎರಡು ಬಡಿತ. ಪ್ರತಿ ಚಿತ್ರದಲ್ಲಿಯೂ ಅವನ ರಕ್ತನಾಳ ಉಬ್ಬಿದ್ದರೆ ಉಬ್ಬಿಯೇ ಸಿಗುತ್ತದೆ, ಕುಗ್ಗಿದ್ದರೆ ಕುಗ್ಗಿಯೇ ಸಿಗುತ್ತದೆ. ಹೃದಯ ಬಡಿಯುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಈಗ ನಾಡಿ 62 ಎಂದುಕೊಳ್ಳಿ. ನಿಮಿಷಕ್ಕೆ ಎರಡು ಬಡಿತ ಹೆಚ್ಚು. ಪ್ರತಿ ಚಿತ್ರದಲ್ಲಿ ರಕ್ತನಾಳ ಹಿಂದಿನದಕ್ಕಿಂತ ಸ್ವಲ್ಪ ಮುಂದಿನ ಸ್ಥಿತಿಯಲ್ಲಿ ಸಿಗುತ್ತಾ ಹೋಗಿ, ಹದಿನೈದು ಚಿತ್ರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಅಂದರೆ ಮೂವತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ನಿಧಾನವಾದ, ಸೊಗಸಾದ ಅಲೆ. ಅಂಥ ಅಲೆ ಮೆದುಳಿನಲ್ಲಿ ಎಲ್ಲಿಯೂ ಇಲ್ಲ. ನಾವು ಕಣ್ಣು ಮಿಟುಕಿಸಿದ ರೀತಿಯಿಂದ ಹುಟ್ಟಿದ್ದು.

ಈ ಲೆಕ್ಕ ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ, ಪೆಟ್ಟು ತಿಂದು ಅರ್ಥವಾದದ್ದು. ಸಂಶೋಧನೆಗೆ ಹೊಸದಾಗಿ ಸೇರಿದ್ದೆ. ಮಲಗಿದವರಿಗೆ ಹದಿನೈದು ಸೆಕೆಂಡು ಪದಗಳನ್ನು ತೋರಿಸುವುದು, ಹದಿನೈದು ಸೆಕೆಂಡು ಖಾಲಿ ಪರದೆ ತೋರಿಸುವುದು, ಹೀಗೆ ನಮ್ಮ ಪ್ರಯೋಗ. ಓದುವಾಗ ಏಳುವ ಭಾಗ ಯಾವುದು, ಅದು ಮೂವತ್ತು ಸೆಕೆಂಡಿಗೊಮ್ಮೆ ಏರಿಳಿಯಬೇಕು, ಅದನ್ನು ಹುಡುಕಬೇಕು. ಒಬ್ಬ ಯುವಕನ ಚಿತ್ರದಲ್ಲಿ ಎಡಗಡೆ ನಿರೀಕ್ಷಿಸಿದ ಜಾಗಗಳ ಜೊತೆಗೆ, ಕಿವಿಯ ನೇರಕ್ಕೆ ಒಳಗೆ, ಮೆದುಳಿನ ದೊಡ್ಡ ಮಡಿಕೆಯ ಆಳದಲ್ಲಿ, ಅಚ್ಚುಕಟ್ಟಾದ ಒಂದು ಚುಕ್ಕೆ ಕಾಣಿಸಿತು. ಇಂಥ ಸರಳ ಓದಿನ ಪ್ರಯೋಗದಲ್ಲಿ ಅಲ್ಲಿ ಅಷ್ಟು ಬಲವಾದ ಚುಕ್ಕೆಯನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಗೆ ಫೋನ್ ಮಾಡಿ, ಏನೋ ಹೊಸದು ಸಿಕ್ಕಿದೆ ಎಂದು ಅಮ್ಮನಿಗೆ ಹೇಳಿಯೂ ಬಿಟ್ಟಿದ್ದೆ.

ಮರುದಿನ ನಮ್ಮ ಸರ್ ಚಿತ್ರವನ್ನು ಬಹಳ ಹೊತ್ತು ನೋಡಿ, "ನಾಡಿ ದಾಖಲಿಸಿದ್ದೀಯಾ?" ಎಂದು ಕೇಳಿದರು. ಇಲ್ಲ ಸರ್ ಎಂದೆ. "ಆ ಮಡಿಕೆಯೊಳಗೆ ಏನು ಹಾದುಹೋಗುತ್ತದೆ?" ಎಂದರು. ಮೆದುಳಿನ ದೊಡ್ಡ ರಕ್ತನಾಳಗಳಲ್ಲೊಂದು ಅಲ್ಲಿಯೇ ಹಾದುಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಹೊಳೆದಿರಲಿಲ್ಲ. ಮೂರು ವಾರಗಳ ನಂತರ ಅದೇ ಯುವಕನನ್ನು ಮತ್ತೆ ಕರೆಸಿದೆವು. ಈ ಸಲ ಬೆರಳಿಗೆ ಕ್ಲಿಪ್ ಹಾಕಿದೆವು. ಒಳ್ಳೆಯ ಆಟಗಾರ ಅವನು, ಮಲಗಿದಾಗ ನಾಡಿ 61, 62, 63ರ ಆಸುಪಾಸಿನಲ್ಲಿಯೇ ಇತ್ತು. ಮೊದಲಿನ ಹಾಗೆಯೇ ಎರಡು ಸೆಕೆಂಡಿಗೊಂದು ಚಿತ್ರ ತೆಗೆದಾಗ ಚುಕ್ಕೆ ಮತ್ತೆ ಬಂತು. ಎರಡರ ಬದಲು 2.3 ಸೆಕೆಂಡಿಗೊಂದು ಚಿತ್ರ ತೆಗೆದಾಗ ಓದಿನ ಜಾಗಗಳು ಹಾಗೆಯೇ ಉಳಿದವು, ಆಳದ ಚುಕ್ಕೆ ಮಾಯವಾಯಿತು. ಅದು ನಿಜವಾಗಿ ಓದಿಗೆ ಸಂಬಂಧಿಸಿದ್ದಾದರೆ ಕ್ಯಾಮೆರಾದ ವೇಗ ಬದಲಾಯಿಸಿದ ಮಾತ್ರಕ್ಕೆ ಹೋಗಬೇಕಿರಲಿಲ್ಲ. ಅಮ್ಮನಿಗೆ ಮತ್ತೆ ಫೋನ್ ಮಾಡಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ವರ್ಷಗಟ್ಟಲೆ ನೆಂಟರಿಷ್ಟರಿಗೆಲ್ಲ ನನ್ನ ಮಗ ಮೆದುಳಿನಲ್ಲಿ ಏನೋ ಕಂಡುಹಿಡಿದಿದ್ದಾನೆ ಎನ್ನುತ್ತಿದ್ದರು.

ನಾಡಿಯ ವಿಷಯ ಹೀಗಾದರೆ ಉಸಿರಿನದು ಇನ್ನೂ ಸೂಕ್ಷ್ಮ. ಅದು ಒಂದೇ ಬಾಗಿಲಿನಿಂದ ಬರುವುದಿಲ್ಲ. ಉಸಿರಾಡಿದಾಗ ತಲೆ ಒಂದಿಷ್ಟು ಅಲುಗುತ್ತದೆ, ಅದು ಕಣ್ಣಿಗೂ ಕಾಣುತ್ತದೆ. ತಲೆ ಒಂದಿಷ್ಟೂ ಅಲುಗದಿದ್ದರೂ ಎದೆ ಉಬ್ಬಿ ಇಳಿಯುವುದರಿಂದ, ಶ್ವಾಸಕೋಶದೊಳಗಿನ ಗಾಳಿ ಹೆಚ್ಚು ಕಡಿಮೆಯಾಗುವುದರಿಂದ, ಯಂತ್ರದ ಕಾಂತಕ್ಷೇತ್ರವೇ ತಲೆಯ ಜಾಗದಲ್ಲಿ ಸ್ವಲ್ಪ ಬದಲಾಗುತ್ತದೆ. ಆಗ ಚಿತ್ರ ಒಂದು ಕಡೆಗೆ ಕೂದಲೆಳೆಯಷ್ಟು ಸರಿದಂತಾಗುತ್ತದೆ. ಎದೆ ಎಲ್ಲಿ, ಮೆದುಳು ಎಲ್ಲಿ! ಮೊದಲ ಸಲ ಇದನ್ನು ಓದಿದಾಗ ನಾನು ನಂಬಿರಲಿಲ್ಲ.

ಮೂರನೆಯ ಬಾಗಿಲು ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಇಂಗಾಲದ ಡೈ ಆಕ್ಸೈಡ್. ಈ ಅನಿಲ ರಕ್ತದಲ್ಲಿ ಸ್ವಲ್ಪ ಹೆಚ್ಚಾದರೂ ಮೆದುಳಿನ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚು ಹರಿಯುತ್ತದೆ, ಕಡಿಮೆಯಾದರೆ ಅವು ಕುಗ್ಗುತ್ತವೆ. ಉಸಿರು ಸ್ವಲ್ಪ ಆಳವಾದರೆ, ಸ್ವಲ್ಪ ತಡವಾದರೆ, ಅದರ ಪರಿಣಾಮ ಇಡೀ ಮೆದುಳಿನ ಮೇಲೆ ಹತ್ತಾರು ಸೆಕೆಂಡುಗಳವರೆಗೆ ಉಳಿಯುತ್ತದೆ. ಒಂದು ನಿಟ್ಟುಸಿರು ಬಿಟ್ಟು ನೀವು ಅದನ್ನು ಮರೆತುಬಿಟ್ಟಿರುತ್ತೀರಿ, ಚಿತ್ರದಲ್ಲಿ ಅದು ಇನ್ನೂ ನಡೆಯುತ್ತಿರುತ್ತದೆ. ಇದು ನಾವು ಹುಡುಕುವ ಯೋಚನೆಯ ಅಲೆಯಷ್ಟೇ ನಿಧಾನ, ಅದೇ ರಕ್ತದ ಮೂಲಕ ಬಂದದ್ದು. ನೋಟದಿಂದ ಇವೆರಡನ್ನು ಬೇರ್ಪಡಿಸುವುದು ಅವಳಿ ಮಕ್ಕಳನ್ನು ಗುರುತಿಸಿದಂತೆ. ಕಾಫಿಯೂ ಇದೇ ಗುಂಪಿಗೆ ಸೇರಿದ್ದು. ಒಂದು ಲೋಟ ಕಾಫಿ ಕುಡಿದು ಬಂದವರ ಮೆದುಳಿನಲ್ಲಿ ರಕ್ತದ ಹರಿವು ಕಡಿಮೆಯಾಗಿರುತ್ತದೆ.

ಇನ್ನು ಪರಿಹಾರಕ್ಕೆ ಬರೋಣ. ಮೊದಲ ಹೆಜ್ಜೆ ತೀರಾ ಸರಳ. ಗದ್ದಲವನ್ನೂ ಜೊತೆಯಲ್ಲಿಯೇ ದಾಖಲಿಸಿಕೊಳ್ಳಿ. ಹೊಟ್ಟೆಯ ಮೇಲ್ಭಾಗಕ್ಕೆ ಒಂದು ಬೆಲ್ಟ್ ಕಟ್ಟಿದರೆ ಅದು ಉಸಿರಿನ ಏರಿಳಿತ ಬರೆದುಕೊಳ್ಳುತ್ತದೆ. ಬೆರಳಿಗೆ ಒಂದು ಕ್ಲಿಪ್ ಹಾಕಿದರೆ ಅದು ನಾಡಿ ಬರೆದುಕೊಳ್ಳುತ್ತದೆ. 2020-21ರ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರಿನ ತಮ್ಮ ಎಂದುಕೊಳ್ಳಿ, ಕಬ್ಬಿಣವಿಲ್ಲದೆ ಮಾಡಿರುತ್ತಾರೆ ಅಷ್ಟೇ.

ಈ ದಾಖಲೆಯನ್ನು ಬಳಸುವ ಜಾಣ ಉಪಾಯವೊಂದನ್ನು 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ಯಾರಿ ಗ್ಲೋವರ್, ಟೀ-ಕಿಯಾಂಗ್ ಲಿ ಮತ್ತು ಡೇವಿಡ್ ರೆಸ್ ಪ್ರಕಟಿಸಿದರು. ಅದಕ್ಕೆ ರೆಟ್ರೋಐಕಾರ್ ಎಂದು ಹೆಸರು. ಹೆಸರಿಗೆ ಹೆದರಬೇಡಿ. ಎದೆಬಡಿತವನ್ನು ಒಂದು ಗಡಿಯಾರದ ಮುಖ ಎಂದು ಭಾವಿಸಿ. ಒಂದು ಬಡಿತವಾದಾಗ ಹನ್ನೆರಡು ಗಂಟೆ, ಮುಂದಿನ ಬಡಿತಕ್ಕೆ ಮತ್ತೆ ಹನ್ನೆರಡು. ಬೇಗ ಬಡಿದರೆ ಮುಳ್ಳು ಬೇಗ ತಿರುಗುತ್ತದೆ, ನಿಧಾನವಾದರೆ ನಿಧಾನ. ಈಗ 300 ಚಿತ್ರಗಳಲ್ಲಿ ಪ್ರತಿಯೊಂದನ್ನೂ ತೆಗೆದ ಕ್ಷಣದಲ್ಲಿ ಈ ಹೃದಯದ ಗಡಿಯಾರದಲ್ಲಿ ಎಷ್ಟು ಗಂಟೆಯಾಗಿತ್ತು ಎಂದು ಬರೆದುಕೊಳ್ಳಿ. ಒಂದು ಚಿತ್ರ ಮೂರು ಗಂಟೆಗೆ, ಇನ್ನೊಂದು ಎಂಟು ಗಂಟೆಗೆ, ಹೀಗೆ. ಆಮೇಲೆ ಚಿತ್ರಗಳನ್ನು ತೆಗೆದ ಕ್ರಮದಲ್ಲಿ ಜೋಡಿಸದೆ ಈ ಗಂಟೆಯ ಕ್ರಮದಲ್ಲಿ ಜೋಡಿಸಿ. ಒಂದು ಘನದ ಹೊಳಪು ಹೃದಯದ ಮಾತು ಕೇಳದಿದ್ದರೆ ಅದು ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಕೇಳುತ್ತಿದ್ದರೆ ಮೂರು ಗಂಟೆಯ ಚಿತ್ರಗಳೆಲ್ಲ ಮೇಲೆ, ಒಂಬತ್ತು ಗಂಟೆಯವೆಲ್ಲ ಕೆಳಗೆ, ನಡುವೆ ನಯವಾದ ಒಂದು ಅಲೆ ಮೂಡುತ್ತದೆ. ಎಲ್ಲೋ ಬಚ್ಚಿಟ್ಟುಕೊಂಡಿದ್ದ ಬಡಿತ ತಾನಾಗಿಯೇ ಎದ್ದು ನಿಲ್ಲುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಗೊತ್ತಿರುವ ಸೈನ್, ಕೊಸೈನ್‌ಗಳಿಂದಲೇ ಆ ಅಲೆಯನ್ನು ಬರೆದು, ಮೂಲ ಅಂಕಿಗಳಿಂದ ಕಳೆದರಾಯಿತು. ತ್ರಿಕೋನಮಿತಿ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಬೇಸರದಿಂದ ಕೇಳುವ ಮಕ್ಕಳಿಗೆ ಅಧ್ಯಾಪಕರು ಈ ಉದಾಹರಣೆ ಕೊಡಬಹುದು.

ಉಸಿರಿಗೂ ಅದೇ ಗಡಿಯಾರ, ಒಂದು ವ್ಯತ್ಯಾಸ. ಎದೆಬಡಿತಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಳತೆಯವು, ಉಸಿರು ಹಾಗಲ್ಲ. ಒಂದು ಆಳ, ಒಂದು ಮೇಲುಮೇಲಿನದು. ಆದ್ದರಿಂದ ಉಸಿರಿನ ಗಡಿಯಾರ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೆದುಳಿನ ಬೇರೆ ಬೇರೆ ಪದರಗಳ ಚಿತ್ರ ಒಂದೇ ಕ್ಷಣದಲ್ಲಿ ಬರುವುದಿಲ್ಲವಾದ್ದರಿಂದ ಪ್ರತಿ ಪದರಕ್ಕೂ ಬೇರೆಯೇ ಗಂಟೆ ಬರೆಯಬೇಕು. ಇದನ್ನು ಮರೆತು ಲೆಕ್ಕ ಮಾಡಿದರೆ ಗದ್ದಲ ಕಡಿಮೆಯಾಗುವ ಬದಲು ಹೆಚ್ಚಾದೀತು.

ಆದರೆ ಈ ಗಡಿಯಾರದ ಉಪಾಯ ಇಂಗಾಲದ ಡೈ ಆಕ್ಸೈಡಿನ ನಿಧಾನದ ಅಲೆಯನ್ನು ಹಿಡಿಯುವುದಿಲ್ಲ. ಅದಕ್ಕಾಗಿ 2006ರಲ್ಲಿ ರಾಸ್ಮಸ್ ಬರ್ನ್ ಮತ್ತು ಸಂಗಡಿಗರು, ಪ್ರತಿ ಉಸಿರಿನ ಆಳವನ್ನು ಅದು ತೆಗೆದುಕೊಂಡ ಸಮಯದಿಂದ ಭಾಗಿಸಿ, ಆ ಏರಿಳಿತವನ್ನು ಮೆದುಳಿನ ಅಂಕಿಗಳೊಂದಿಗೆ ಹೋಲಿಸುವ ದಾರಿ ತೋರಿಸಿದರು. 2009ರಲ್ಲಿ ಕ್ಯಾಥರೀನ್ ಚಾಂಗ್, ಗ್ಲೋವರ್ ಮತ್ತಿತರರು ಹೃದಯದ ವೇಗದ ನಿಧಾನ ಬದಲಾವಣೆಗೂ ಇಂಥದೇ ಲೆಕ್ಕ ಕೊಟ್ಟರು.

ಬೆಲ್ಟೂ ಇಲ್ಲ, ಕ್ಲಿಪ್ಪೂ ಇಲ್ಲ ಎಂದರೆ? ನಿಜ ಹೇಳಬೇಕೆಂದರೆ ಅನೇಕ ಕಡೆ ನಡೆಯುವುದು ಹೀಗೆಯೇ. ಬೆಲ್ಟ್ ಸಡಿಲವಾಗಿರುತ್ತದೆ, ತಣ್ಣನೆಯ ಕೋಣೆಯಲ್ಲಿ ಬೆರಳು ಮರಗಟ್ಟಿ ನಾಡಿ ಸಿಗುವುದಿಲ್ಲ, ಪುಟ್ಟ ಮಕ್ಕಳು ಕಿತ್ತು ಹಾಕುತ್ತಾರೆ. ಆಗ ಮೆದುಳಿನಲ್ಲಿಯೇ ಒಬ್ಬ ಸಾಕ್ಷಿಯನ್ನು ಹುಡುಕಬೇಕು. ಮೆದುಳಿನ ನಡುವೆ ನೀರಿನಂಥ ದ್ರವ ತುಂಬಿದ ಕೋಣೆಗಳಿವೆ. ಅಲ್ಲಿ ನರಕೋಶಗಳಿಲ್ಲ, ಯೋಚನೆಯ ಪ್ರಶ್ನೆಯೇ ಇಲ್ಲ. ಅಲ್ಲಿ ಹೊಳಪು ಏರಿಳಿದರೆ ಅದು ಗದ್ದಲವೇ. ಆ ಏರಿಳಿತದ ಮುಖ್ಯ ಮಾದರಿಗಳನ್ನು ಹೆಕ್ಕಿ ಇಡೀ ಮೆದುಳಿನಿಂದ ಕಳೆಯುವ ಕಾಂಪ್‌ಕಾರ್ ಎಂಬ ವಿಧಾನವನ್ನು 2007ರಲ್ಲಿ ಬೆಹಜಾದಿ ಮತ್ತು ಸಂಗಡಿಗರು ಕೊಟ್ಟರು. ಮಂಟಪದ ಖಾಲಿ ಮೂಲೆಯಲ್ಲಿ ಜನರೇಟರ್ ಸದ್ದನ್ನು ಮಾತ್ರ ರೆಕಾರ್ಡ್ ಮಾಡಿಕೊಂಡು, ಆಮೇಲೆ ಹಿರಿಯರ ಮಾತಿನ ರೆಕಾರ್ಡಿನಿಂದ ಅದನ್ನು ಕಳೆದ ಹಾಗೆ. ಇವತ್ತು ಬಹಳ ಬಳಕೆಯಲ್ಲಿರುವ ವಿಧಾನಗಳಲ್ಲಿ ಇದೂ ಒಂದು.

ಇನ್ನೂ ಸುಲಭದ, ಆದರೆ ಅಪಾಯದ ದಾರಿಯೊಂದಿದೆ. ಉಸಿರಿನ ಅಲೆ ಇಡೀ ಮೆದುಳಿನಲ್ಲಿ ಹರಡಿರುತ್ತದೆಯಲ್ಲ, ಹಾಗಾದರೆ ಇಡೀ ಮೆದುಳಿನ ಸರಾಸರಿಯನ್ನೇ ಪ್ರತಿ ಘನದಿಂದ ಕಳೆದುಬಿಟ್ಟರೆ? ಬಹಳ ಜನ ಹಾಗೆ ಮಾಡಿದರು. 2005ರಲ್ಲಿ ಹೀಗೆ ಮಾಡಿ ನೋಡಿದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಮೆದುಳಿನ ಎರಡು ದೊಡ್ಡ ಜಾಲಗಳು ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುತ್ತವೆ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂದು ಕಂಡಿತು. 2009ರಲ್ಲಿ ಕೆವಿನ್ ಮರ್ಫಿ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದ್ದೇನೆಂದರೆ, ಸರಾಸರಿಯನ್ನು ಕಳೆದ ಮೇಲೆ ಕೆಲವು ಭಾಗಗಳು ವಿರುದ್ಧವಾಗಿ ಕಾಣಲೇಬೇಕು, ಅದು ಗಣಿತದ ಕಟ್ಟುಪಾಡು. ತರಗತಿಯ ಮಕ್ಕಳೆಲ್ಲರ ಅಂಕದಿಂದ ತರಗತಿಯ ಸರಾಸರಿಯನ್ನು ಕಳೆದರೆ, ಎಲ್ಲರೂ ಚೆನ್ನಾಗಿ ಬರೆದಿದ್ದರೂ ಕೆಲವರು ಸೊನ್ನೆಗಿಂತ ಕೆಳಗೆ ಬೀಳಲೇಬೇಕಲ್ಲವೇ? ಅಂದಿನಿಂದ ಈ ವಾದ ಮುಗಿದಿಲ್ಲ. ಸರಾಸರಿ ಕಳೆಯುವುದರಿಂದ ಉಸಿರಿನ ಮತ್ತು ಅಲುಗಾಟದ ಗದ್ದಲ ಚೆನ್ನಾಗಿ ಹೋಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ನನ್ನ ಮಟ್ಟಿಗೆ, ನಾನು ಎರಡೂ ರೀತಿಯಲ್ಲಿ ಲೆಕ್ಕ ಮಾಡಿ ನೋಡುತ್ತೇನೆ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಹೋಗುವ ಫಲಿತಾಂಶದ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ.

ಇಲ್ಲಿಯವರೆಗೆ ನಾನು ಉಸಿರನ್ನೂ ನಾಡಿಯನ್ನೂ ಬರೀ ಗದ್ದಲ ಎಂದೇ ಹೇಳಿದೆ. ತೊಂದರೆ ಇರುವುದೇ ಅಲ್ಲಿ. ಭಯವಾದರೆ ಉಸಿರು ಬಿಗಿಯುತ್ತದೆ. ಕಷ್ಟದ ಲೆಕ್ಕ ಮಾಡುವಾಗ ನಮಗೆ ಗೊತ್ತಿಲ್ಲದೆಯೇ ಉಸಿರು ಹಿಡಿಯುತ್ತೇವೆ. ಭಯದ ಚಿತ್ರ ತೋರಿಸಿ ಮೆದುಳು ನೋಡುವ ಪ್ರಯೋಗದಲ್ಲಿ ಉಸಿರನ್ನು ಕಳೆಯದಿದ್ದರೆ ಉಸಿರಿನ ಚುಕ್ಕೆಯನ್ನೇ ಭಯದ ಚುಕ್ಕೆ ಎನ್ನುತ್ತೇವೆ. ಪೂರ್ತಿ ಕಳೆದರೆ ಭಯದ ಒಂದಂಶವನ್ನೂ ಕಳೆದುಬಿಡುತ್ತೇವೆ, ಹೊಟ್ಟಿನ ಜೊತೆ ಕಾಳನ್ನೂ ತೂರಿದಂತೆ. ಯಾವ ಸೂತ್ರವೂ ಇದನ್ನು ಪೂರ್ತಿಯಾಗಿ ಬಿಡಿಸಿಲ್ಲ. ಎರಡು ಗುಂಪಿನ ಜನರನ್ನು ಹೋಲಿಸುವಾಗ ಇದು ಇನ್ನೂ ಗಂಭೀರ. ವಯಸ್ಸಾದವರ ರಕ್ತನಾಳ ಗಡುಸಾಗಿರುತ್ತದೆ. ಆತಂಕದ ಕಾಯಿಲೆಯವರ ಉಸಿರಾಟ ಬೇರೆ. ಚಟುವಟಿಕೆಯ ಮಗು ಯಂತ್ರದೊಳಗೆ ಸುಮ್ಮನೆ ಮಲಗುವುದಿಲ್ಲ. ಎರಡು ಗುಂಪುಗಳ ಚಿತ್ರದಲ್ಲಿ ವ್ಯತ್ಯಾಸ ಕಂಡರೆ ಅದು ಬುದ್ಧಿಯ ವ್ಯತ್ಯಾಸವೋ, ರಕ್ತನಾಳದ್ದೋ, ಉಸಿರಿನದೋ ಎಂದು ಕೇಳದೆ ಒಂದು ಮಗುವಿನ ಮೇಲೆ ಹಣೆಪಟ್ಟಿ ಹಚ್ಚುವುದು ಅನ್ಯಾಯ. ನಿಮ್ಮ ಮಗುವಿನ ಮೆದುಳಿನ ಬಣ್ಣದ ಚಿತ್ರ ತೋರಿಸಿ, ಇವನು ಇಂಥ ಕೋರ್ಸಿಗೆ ತಕ್ಕವನು, ಇಂಥದಕ್ಕೆ ತಕ್ಕವನಲ್ಲ ಎಂದು ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಎದ್ದು ಬನ್ನಿ. ಎಫ್.ಎಂ.ಆರ್.ಐ. ಒಬ್ಬ ಮಗುವಿನ ಬಗ್ಗೆ ಅಂಥ ಮಾತು ಹೇಳಬಲ್ಲ ಸ್ಥಿತಿಯಲ್ಲಿಲ್ಲ.

ಸುಳ್ಳು ಪತ್ತೆಯ ಮಾತು ಆಗಲೇ ಬಂತು. ಪೊಲೀಸರ ಪಾಲಿಗ್ರಾಫ್ ಯಂತ್ರ ಅಳೆಯುವುದು ಏನನ್ನು? ಉಸಿರು, ನಾಡಿ, ರಕ್ತದೊತ್ತಡ, ಅಂಗೈಯ ಬೆವರು. ನಾವು ಗದ್ದಲವೆಂದು ಬಿಸಾಡುವುದೇ ಅಲ್ಲಿ ಪುರಾವೆ! 2010ರಲ್ಲಿ ಸುಪ್ರೀಂ ಕೋರ್ಟ್, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಪಾಲಿಗ್ರಾಫ್ ಮತ್ತು ಮೆದುಳಿನ ವಿದ್ಯುತ್ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕಾನೂನು ಓದುವ ಮಕ್ಕಳು ಆ ತೀರ್ಪನ್ನು ಹುಡುಕಿ ಓದಬೇಕು. ಮುಂದೊಂದು ದಿನ ಎಫ್.ಎಂ.ಆರ್.ಐ.ಯಿಂದ ಸುಳ್ಳು ಹಿಡಿಯುತ್ತೇವೆ ಎಂದು ಯಾರಾದರೂ ನ್ಯಾಯಾಲಯಕ್ಕೆ ಬಂದರೆ, ಎದುರು ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ ಆರೋಪಿಯ ಉಸಿರನ್ನು ದಾಖಲಿಸಿದ್ದೀರಾ ಎಂಬುದು.

ಇದೆಲ್ಲ ಕೇಳಿ ಈ ಯಂತ್ರವೇ ದಂಡ ಎಂದುಕೊಳ್ಳಬೇಡಿ. ಮೆದುಳಿನಲ್ಲಿ ಗಡ್ಡೆ ಇರುವ ರೋಗಿಗೆ ಶಸ್ತ್ರಚಿಕಿತ್ಸೆ ಮಾಡುವ ಮೊದಲು ಮಾತಿನ ಜಾಗ, ಕೈಕಾಲು ಆಡಿಸುವ ಜಾಗ ಗಡ್ಡೆಗೆ ಎಷ್ಟು ಹತ್ತಿರವಿದೆ ಎಂದು ನೋಡಲು ಇದು ವೈದ್ಯರಿಗೆ ನೆರವಾಗುತ್ತದೆ. ಅಲ್ಲಿ ತಪ್ಪು ಚುಕ್ಕೆಯೂ ಅಪಾಯ, ಇರಬೇಕಾದ ಚುಕ್ಕೆ ಕಾಣದಿದ್ದರೂ ಅಪಾಯ. ಗಡ್ಡೆಯ ಸುತ್ತಲಿನ ರಕ್ತನಾಳಗಳು ಕೆಲವೊಮ್ಮೆ ಹಿಗ್ಗುವ ಶಕ್ತಿ ಕಳೆದುಕೊಂಡಿರುತ್ತವೆ. ಆಗ ಅಲ್ಲಿ ಮಾತಿನ ಕೆಲಸ ನಡೆಯುತ್ತಿದ್ದರೂ ಚಿತ್ರದಲ್ಲಿ ಬೆಳಗುವುದಿಲ್ಲ. ಅದನ್ನು ಕಂಡುಹಿಡಿಯುವುದು ಹೇಗೆ ಗೊತ್ತೇ? ರೋಗಿಗೆ ಕೆಲವು ಸೆಕೆಂಡು ಉಸಿರು ಹಿಡಿಯಲು ಹೇಳುತ್ತಾರೆ. ಇಂಗಾಲದ ಡೈ ಆಕ್ಸೈಡ್ ಏರಿ ಆರೋಗ್ಯವಾದ ಜಾಗಗಳೆಲ್ಲ ಬೆಳಗುತ್ತವೆ, ಸೋತ ರಕ್ತನಾಳಗಳ ಜಾಗ ಕಪ್ಪಾಗಿಯೇ ಉಳಿಯುತ್ತದೆ. ನಾವು ಇಷ್ಟು ಹೊತ್ತು ಬೈದ ಗದ್ದಲವೇ ಇಲ್ಲಿ ಪರೀಕ್ಷೆ.

ಯಂತ್ರಗಳೂ ಚುರುಕಾಗಿವೆ. ಅಮೆರಿಕದ ಹ್ಯೂಮನ್ ಕನೆಕ್ಟೋಮ್ ಯೋಜನೆಯಲ್ಲಿ 0.72 ಸೆಕೆಂಡಿಗೊಂದು ಚಿತ್ರ ತೆಗೆದರು. ಅಷ್ಟು ವೇಗದಲ್ಲಿ ಉಸಿರು ಉಸಿರಾಗಿಯೇ ಸಿಗುತ್ತದೆ, ನಾಡಿ ಮಾತ್ರ ಇನ್ನೂ ತಪ್ಪಿಸಿಕೊಳ್ಳುತ್ತದೆ. ಫಿನ್‌ಲ್ಯಾಂಡಿನ ಔಲು ನಗರದ ತಂಡವೊಂದು ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ವಿಧಾನದಿಂದ, ಎದೆಬಡಿತದ ಅಲೆ, ಉಸಿರಿನ ಅಲೆ, ನಿಧಾನದ ಅಲೆ ಮೂರನ್ನೂ ಬೇರೆ ಬೇರೆಯಾಗಿ ಕಂಡು 2016ರಲ್ಲಿ ಪ್ರಕಟಿಸಿತು. ಈ ಮಿಡಿತಗಳೇ ಮೆದುಳಿನ ದ್ರವವನ್ನು ಅಲುಗಿಸಿ ಕಸ ತೊಳೆಯಲು ನೆರವಾಗುತ್ತವೆಯೇ ಎಂಬುದು ಅವರ ಪ್ರಶ್ನೆ. ಅದಕ್ಕೆ ಇನ್ನೂ ಖಚಿತ ಉತ್ತರ ಬಂದಿಲ್ಲ.

ಭಾಷಣ ಮುಗಿದ ಮೇಲೆ ಎದ್ದ ಎರಡು ಪ್ರಶ್ನೆಗಳನ್ನು ಸಂಪಾದಕರು ಇಲ್ಲಿ ಸೇರಿಸಲು ಹೇಳಿದ್ದಾರೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಸರ್, ಅಷ್ಟು ಕಷ್ಟಪಡುವ ಬದಲು ಸತ್ತವರ ಮೆದುಳನ್ನು ನೋಡಿದರೆ ಉಸಿರೂ ಇರುವುದಿಲ್ಲ, ನಾಡಿಯೂ ಇರುವುದಿಲ್ಲವಲ್ಲ" ಎಂದು ಕೇಳಿ ಸಭೆಯನ್ನು ನಗಿಸಿದಳು. ಅದನ್ನೂ ಮಾಡಿದ್ದಾರಮ್ಮ ಎಂದೆ. ಕ್ರೇಗ್ ಬೆನೆಟ್ ಮತ್ತು ಗೆಳೆಯರು ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಅದರ ಮೆದುಳಿನಲ್ಲಿಯೂ ಕೆಂಪು ಚುಕ್ಕೆ ಬರುತ್ತದೆ ಎಂದು 2009ರಲ್ಲಿ ತೋರಿಸಿದರು. ಅದು ಉಸಿರಿನ ತಪ್ಪಲ್ಲ, ಸಾವಿರಾರು ಘನಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಗುವ ಸಂಖ್ಯಾಶಾಸ್ತ್ರದ ತಪ್ಪು. ಅವರಿಗೆ 2012ರಲ್ಲಿ ನಗೆ ಬರಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಬಂತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮೆಲ್ಲಗೆ ಬಂದು, ತಮ್ಮ ಮಗಳಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಇಂಥ ಸ್ಕ್ಯಾನ್ ಬರೆದಿದ್ದಾರೆ, ಹೊಟ್ಟೆಗೆ ಬೆಲ್ಟ್ ಕಟ್ಟುತ್ತಾರಂತೆ, ನೋವಾಗುತ್ತದೆಯೇ ಎಂದು ಕೇಳಿದರು. ಇಲ್ಲ, ಸಲ್ವಾರದ ಲಾಡಿಯಷ್ಟೂ ಬಿಗಿಯಿರುವುದಿಲ್ಲ. ಬಟ್ಟೆಯ ಮೇಲೆಯೇ ಕಟ್ಟಬಹುದು. ಸ್ಕ್ಯಾನಿಗೆ ಮೊದಲು ಕಾಫಿ, ಟೀ ಕುಡಿಯಬಹುದೇ ಎಂದು ಅವರಲ್ಲಿಯೇ ಕೇಳಿಕೊಳ್ಳಿ. ಒಳಗೆ ಯಂತ್ರ ಜೋರಾಗಿ ಸದ್ದು ಮಾಡುತ್ತದೆ, ಹೆದರುವುದು ಬೇಡ. ತುಂಬಾ ಸರಿಯಾಗಿ ಉಸಿರಾಡಬೇಕೆಂದು ಅವಳು ಪ್ರಯತ್ನಿಸುವುದೂ ಬೇಡ, ಮನೆಯಲ್ಲಿ ಮಲಗಿದಾಗ ಹೇಗೋ ಹಾಗೆಯೇ ಉಸಿರಾಡಲಿ ಎಂದು ಹೇಳಿ ಕಳುಹಿಸಿದೆ.